ಕಿರಿಯವನ ಮಾತು ಮೊದಲು

ಸೈನಿಕ ನ್ಯಾಯಾಲಯದಲ್ಲಿ ಒಂದು ಹಳೆಯ ಕಟ್ಟಳೆಯಿದೆ. ತೀರ್ಪು ಕೊಡಲು ಕೂತ ಅಧಿಕಾರಿಗಳಲ್ಲಿ ಎಲ್ಲರಿಗಿಂತ ಕಿರಿಯವನು ಮೊದಲು ಅಭಿಪ್ರಾಯ ಹೇಳಬೇಕು, ಹಿರಿಯವನು ಕೊನೆಗೆ. ದೊಡ್ಡವರು ಗುಡುಗಿದ ಮೇಲೆ ಚಿಕ್ಕವರ ನಾಲಿಗೆ ಬಿದ್ದುಹೋಗುತ್ತದೆಂದು ಬಲ್ಲವರು ಯಾರೋ ಮಾಡಿದ್ದು. ಶಿಕ್ಷೆಯಾದ ಸಿಪಾಯಿಗಳ ಪರ ಮೇಲ್ಮನವಿ ನಡೆಸುತ್ತಲೇ ತಲೆ ನರೆತ, ಸೈನ್ಯದಲ್ಲೇ ಮೇಜರ್ ಆಗಿದ್ದ ವಕೀಲೆಗೆ ಈ ಕಟ್ಟಳೆ ಬಾಯಿಪಾಠ. ಪಾಲಿಸಿದವರನ್ನು ಕಂಡದ್ದು ಮಾತ್ರ ಕಡಿಮೆ.

ಈ ಸಲದ ಕಕ್ಷಿದಾರ ಲಾರಿ ಚಾಲಕ. ಬ್ರೇಕು ಹಿಡಿಯದ ಗಾಡಿಯಲ್ಲಿ ಸಿಪಾಯಿಗಳನ್ನು ತುಂಬಿಕೊಂಡು ಘಾಟಿ ಇಳಿಯಲಾರೆ ಎಂದಿದ್ದ. ಆಜ್ಞೆ ಮೀರಿದನೆಂದು ಎರಡು ವರ್ಷ ಜೈಲು.

ವಕೀಲೆಯ ಕಚೇರಿಗೆ ಬಂದ ಅವನ ಹೆಂಡತಿ ಕುರ್ಚಿಯಿದ್ದರೂ ಕೂರಲಿಲ್ಲ. "ಅಕ್ಕಾ, ನಾನು ಹಿಂದಿನ ಬೆಂಚಲ್ಲೇ ಇದ್ದೆ. ತೀರ್ಪಿಗೆ ಎದ್ದು ಒಳಗೆ ಹೋಗೋ ಮೊದಲೇ ಅವರಲ್ಲೆಲ್ಲ ದೊಡ್ಡೋರು, ಆ ಮೀಸೆ ಕರ್ನಲ್ಲು, ಎಲ್ಲರಿಗಿಂತ ಚಿಕ್ಕ ಆಫೀಸರ್ ಬೆನ್ನು ತಟ್ಟಿ, 'ಇವನನ್ನ ಬಿಟ್ರೆ ನಾಳೆ ನಿನ್ನ ಮಾತೂ ಯಾರೂ ಕೇಳಲ್ಲ ಕಣಯ್ಯ' ಅಂದ್ರು."

"ಅವನೇನಂದ?"

"ನಕ್ಕ. ನಗದೇ ಇರಕ್ಕಾಗತ್ತಾ?"

ಕಿರಿಯವನ ಬಾಯನ್ನು ಮೊದಲೇ ಕಟ್ಟಿದ್ದಾರೆಂದು ವಕೀಲೆ ಮೇಲ್ಮನವಿ ಬರೆದಳು.

ಮೇಲ್ಮನವಿಯ ದಿನ ಸರ್ಕಾರಿ ವಕೀಲ ಗೇಲಿ ಮಾಡಿದ: "ಹೆಂಡ್ತಿ ಗಂಡನ ಕಡೆ ಹೇಳ್ದೆ ಇನ್ಯಾರ ಕಡೆ ಹೇಳ್ತಾಳೆ, ಸ್ವಾಮಿ!" ಸಾಕ್ಷಿಗೆ ಬಂದ ಕರ್ನಲ್ "ಇಲ್ಲ" ಎಂದಿದ್ದರೆ ಕೇಸು ಅಲ್ಲಿಗೇ ಮಣ್ಣು ಮುಕ್ಕುತ್ತಿತ್ತು. ಅವನನ್ನು ಪ್ರಶ್ನಿಸುವ ಮೊದಲು ಸಮವಸ್ತ್ರದಲ್ಲಿದ್ದ ವಕೀಲೆ ಸಲ್ಯೂಟ್ ಹೊಡೆಯಬೇಕಿತ್ತು. ಹಲ್ಲು ಕಚ್ಚಿಕೊಂಡು ಹೊಡೆದಳು. ಆಮೇಲೆ ಬೆಣ್ಣೆಯಂಥ ದನಿಯಲ್ಲಿ ಕೇಳಿದಳು:

"ಸರ್, ಚಿಕ್ಕ ಆಫೀಸರುಗಳು ನಿಮ್ಮೆದುರಿಗೇ ತೋಚಿದ್ದು ಹೇಳ್ಬಿಡ್ತಾರಂತೆ? ನಿಮ್ಮ ಮಾತಿಗೆ ಬೆಲೇನೇ ಇಲ್ವಂತೆ?"

ಮೀಸೆ ಕುಣಿಯಿತು. "ಯಾರಮ್ಮ ಹೇಳಿದ್ದು? ನನ್ನ ಮಾತು ಕೇಳಿದ ಮೇಲೇನೇ ಅವರು ಬಾಯಿ ಬಿಡೋದು! ಅವತ್ತೂ ಅಷ್ಟೇ!"

ಶಿಕ್ಷೆ ರದ್ದಾಯಿತು. ತೀರ್ಪಿನ ತುಂಬ ಕಟ್ಟಳೆಯ ಮಾತೇ. ಬ್ರೇಕಿನ ಬಗ್ಗೆ ಚಕಾರವಿರಲಿಲ್ಲ.

ಚಾಲಕನನ್ನು ಕರೆದೊಯ್ಯಲು ಜೈಲಿನ ಬಾಗಿಲಿಗೆ ಅದೇ ಲಾರಿ ಬಂದು ನಿಂತಿತ್ತು, ಹಿಂದೆ ಸಿಪಾಯಿಗಳನ್ನು ತುಂಬಿಕೊಂಡು.

"ರಿಪೇರಿ ಆಯ್ತೇನೋ?" ಎಂದ ಚಾಲಕ.

"ಬಣ್ಣ ಹೊಡೆಸಿದಾರಣ್ಣ," ಎಂದ ಸ್ಟೀರಿಂಗಿನ ಹಿಂದಿದ್ದ ಹೊಸಬ.

ಅವನ ಹೆಂಡತಿಯ ಜೊತೆ ಬಾಗಿಲಲ್ಲೇ ಕಾಯುತ್ತಿದ್ದ ವಕೀಲೆ ಲಾರಿಗೆ ಅಡ್ಡ ಬಂದು ನಿಂತಳು. ಇಷ್ಟು ವರ್ಷ ತಾನು ಮಾಡಿದ್ದಾದರೂ ಏನು? ಇವರನ್ನು ಜೈಲಿನಿಂದ ಬಿಡಿಸಿ ಮತ್ತೆ ಇದೇ ಲಾರಿ ಹತ್ತಿಸಿದ್ದು!

"ಎಲ್ರೂ ಇಳೀರಿ. ಕೀಲಿಕೈ ಇಲ್ಲಿ ಕೊಡು."

"ಮೇಡಂ, ಸಂಜೆಯೊಳಗೆ ಘಾಟಿ ಇಳೀಬೇಕು ಅಂತ ನಮ್ಮ ಸಾಹೇಬರ ಆಜ್ಞೆ..."

"ನಂದೂ ಆಜ್ಞೇನೇ. ಇಳಿ."

ಹೊಸಬ ಚಾಲಕನ ಮುಖ ನೋಡಿದ. "ಇಳಿಯೋ ಮಾರಾಯ," ಎಂದ ಚಾಲಕ. "ಈ ಸಲ ಜೈಲಿಗೆ ಹೋಗೋರು ಮೇಡಂ, ನೀನಲ್ಲ."

ಅವನ ಹೆಂಡತಿ ವಕೀಲೆಯ ಕೈ ಹಿಡಿದುಕೊಂಡಳು. "ಅಕ್ಕಾ, ನಿಮ್ಮನ್ನ ಸುಮ್ನೆ ಬಿಡ್ತಾರಾ?"

"ಬಿಡಬಾರದು," ಎಂದಳು ವಕೀಲೆ, ಕೀಲಿಕೈಯನ್ನು ಜೇಬಿಗಿಳಿಸುತ್ತ. "ನನ್ನ ಮೇಲೆ ಕೇಸು ಹಾಕ್ಲಿ. ನಿಮ್ಮ ಯಜಮಾನರನ್ನೇ ಸಾಕ್ಷಿಗೆ ಕರೀತೀನಿ. ಆಗಲಾದ್ರೂ ಬ್ರೇಕಿನ ಮಾತು ಕೇಳ್ಲೇಬೇಕು, ಆ ನನ್ಮಕ್ಕಳು!"