ಗದ್ದೆಗೆ ಬಂದ ಸೀರಿಯಲ್ಲು

"ಏ ಒಂಬತ್ತು, ಚಪ್ಪಾಳೆ ಹೊಡಿ ಅಂದ್ರೆ ಹೊಡೀಬೇಕು!"

ಬೆಂಗಳೂರಿನಿಂದ ಬಂದಿದ್ದ ಸೀರಿಯಲ್ಲಿನ ಡೈರೆಕ್ಟರು ಬದುವಿನ ಮೇಲೆ ನಿಂತು ಅರಚುತ್ತಿದ್ದ. ಮೊಣಕಾಲುದ್ದ ಕೆಸರಿನಲ್ಲಿ, ಕೈಯಲ್ಲಿ ಭತ್ತದ ಸಸಿಯ ಕಟ್ಟು ಹಿಡಿದು ಹುಲಗೆಮ್ಮ ನಿಂತಿದ್ದಳು.

"ನಾವು ಜೋಗಪ್ಪಗೋಳ್ರೀ ಸರ. ದೇವಿ ಕೊಡ ಹೊರ್ತೀವಿ, ಚೌಡಿಕಿ ಬಾರಿಸ್ತೀವಿ. ಚಪ್ಪಾಳಿ ಬಡಿಯೋ ರೂಢಿ ನಮ್ಮಲ್ಲಿಲ್ರಿ."

"ಟಿವಿ ನೋಡೋರಿಗೆ ಅದೆಲ್ಲ ಯಾಕೆ? ಚಪ್ಪಾಳೆ ಹೊಡೆದ್ರೇನೇ ನೀನ್ಯಾರು ಅಂತ ಗೊತ್ತಾಗೋದು. ಹೀರೋ ಕೆನ್ನೆ ಹಿಂಡ್ತೀಯ, ಸೆರಗು ಜಾರಿಸ್ತೀಯ, ಅವನು ಒದೀತಾನೆ, ಕೆಸರಿಗೆ ಬೀಳ್ತೀಯ. ಜನ ನಗ್ತಾರೆ. ಅಷ್ಟೇ."

ಅಷ್ಟೇ ಅಂತೆ! ಯಂಕಪ್ಪನಾಗಿ ಹುಟ್ಟಿ, ಹದಿನಾರಕ್ಕೆ ಹುಲಿಗಿಯ ಗುಡಿಯಲ್ಲಿ ದೇವಿಯ ಹೆಸರಿನ ಮುತ್ತು ಕಟ್ಟಿಸಿಕೊಂಡು ಹುಲಗೆಮ್ಮನಾದವಳು ಅವಳು. ಗಂಗಾವತಿ ಸೀಮೆಯ ಈ ನಾಟಿ ಗುಂಪಿನ ಹೆಂಗಸರು ಅವಳನ್ನು ತಮ್ಮ ಸಾಲಿನಲ್ಲಿ ನಿಲ್ಲಿಸಿಕೊಳ್ಳಲು ಮೂರು ವರ್ಷ ಹಿಡಿದಿತ್ತು. ಈಗ ಒಂದೇ ಬುತ್ತಿಯಲ್ಲಿ ಕೈ ಹಾಕುತ್ತಿದ್ದರು. ಗಂಡ ಬಡಿದದ್ದನ್ನು, ಮುಟ್ಟು ನಿಂತದ್ದನ್ನು ಅವಳ ಕಿವಿಯಲ್ಲಿ ಹೇಳುತ್ತಿದ್ದರು. ಮಂಗಳವಾರ, ಶುಕ್ರವಾರ ಕೊಡ ಹೊತ್ತು ಹೋದರೆ ಈ ಗದ್ದೆಯ ಧಣಿ ವಿರುಪಣ್ಣನ ಹೆಂಡತಿಯೇ ಅವಳ ಕಾಲಿಗೆ ನೀರು ಹಾಕುತ್ತಿದ್ದಳು.

ಹೋದ ವರ್ಷ ಟಿವಿಯ ಯಾವುದೋ ಕಾಮಿಡಿ ಶೋದಲ್ಲಿ ಒಬ್ಬ ಗಂಡಸು ಸೀರೆಯುಟ್ಟು, ತುಟಿಗೆ ಬಣ್ಣ ಬಳಿದುಕೊಂಡು ಚಪ್ಪಾಳೆ ತಟ್ಟಿ ಕುಣಿದ. ಮರುದಿನದಿಂದ ಅವಳು ಚಹಾದಂಗಡಿ ದಾಟುವಾಗ ಹಲ್ಲಿಲ್ಲದ ಮುದುಕರೂ ಚಪ್ಪಾಳೆ ತಟ್ಟತೊಡಗಿದರು. ಯಾವನದೋ ಮೋರೆಗೇ ಇಷ್ಟಾಯಿತು. ಇನ್ನು ಅವಳದೇ ಮೋರೆ ಟಿವಿಯಲ್ಲಿ ಬಂದರೆ? ಯಾವ ಗಂಡ ತನ್ನ ಹೆಂಡತಿಯನ್ನು ಅವಳ ಪಕ್ಕ ನಾಟಿಗೆ ನಿಲ್ಲಲು ಬಿಟ್ಟಾನು? ಆ ಸಾಲು ಹೋದರೆ ಅವಳಿಗೆ ಬೇರೆ ಯಾರೂ ಇರಲಿಲ್ಲ.

"ನಾ ನೆಲ್ಲು ಹಚ್ಚೂದು ಕ್ಯಾಮರಾದಾಗ ತಗೀರಿ ಸರ. ದಿನಾ ಮಾಡೂದು ಅದ."

"ಅದನ್ನ ಯಾವನು ನೋಡ್ತಾನೆ?"

ಅಷ್ಟರಲ್ಲಿ ವಿರುಪಣ್ಣ ಛತ್ರಿ ಊರಿಕೊಂಡು ಬಂದ.

"ಯಾಕಲೇ ಸೂಳಿಮಗನ, ದೊಡ್ಡ ಮಂದಿ ಎದುರು ನನ್ನ ಮಾನ ಕಳೀತಿ? ಅವ್ರು ಹೇಳಿದ್ದು ಮಾಡು. ಇಲ್ಲಂದ್ರ ನಾಳಿಂದ ನಿಮ್ಮ ಗುಂಪು ನನ್ನ ಗದ್ದಿಗೆ ಕಾಲಿಡಂಗಿಲ್ಲ. ಬ್ಯಾರೆ ಊರಿಂದ ಮಂದಿ ತರಸ್ತೀನಿ."

ನಿನ್ನೆಯವರೆಗೆ ಅವಳನ್ನು ಯವ್ವಾ ಎನ್ನುತ್ತಿದ್ದ ಬಾಯಿ ಅದು.

ಗುಂಪಿನ ಮುಂದಾಳು ದುರುಗವ್ವ ಕೆಸರು ತುಳಿಯುತ್ತ ಬಂದು ಅವಳ ರಟ್ಟೆ ಹಿಡಿದಳು. "ನಿನ್ನ ಕಾಲಿಗಿ ಬೀಳ್ತೀನಿ ಹುಲಗೆವ್ವಾ. ಎಲ್ಲಾರ ಮನಿ ಒಲಿ ಈ ಹಂಗಾಮಿನ ಮ್ಯಾಲೆ ಐತಿ. ಒಂದ್ಸಲ ಬಿದ್ದು ಎದ್ದುಬಿಡು ಬೇ."

"ಎದ್ದ ಮ್ಯಾಲೆ ನನ್ನ ಬಾಜೂಕ ನಿಂದರ್ತಿಯೇನ ನೀ?"

ದುರುಗವ್ವ ಅವಳ ಕೈಯಿಂದ ಸಸಿಯ ಕಟ್ಟು ತೆಗೆದುಕೊಂಡು ಸಾಲಿಗೆ ಹೋಗಿ ನಿಂತಳು.

ಹುಲಗೆಮ್ಮ ಚಪ್ಪಾಳೆ ಹೊಡೆದಳು. ಹೀರೋನ ಕೆನ್ನೆ ಹಿಂಡಿದಳು. ಸುಮ್ಮನೆ ಒದ್ದಂತೆ ಮಾಡುತ್ತೇನೆ ಎಂದಿದ್ದವನು ಸೊಂಟಕ್ಕೇ ಒದ್ದ. ಬಿದ್ದಾಗ ಬಾಯಿ ಮೂಗಿಗೆಲ್ಲ ಕೆಸರು ಹೊಕ್ಕಿತು.

"ಹಿಂದಿರೋರು ನಗ್ರಮ್ಮಾ! ಜೋರಾಗಿ!"

ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ದುರುಗವ್ವ ಮೊದಲು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಕೊನೆಕೊನೆಗೆ ಒಂದಿಬ್ಬರಿಗೆ ನಿಜವಾಗಿಯೂ ನಗು ಬಂತು. ಅದು ಹುಲಗೆಮ್ಮನಿಗೆ ಗೊತ್ತಾಯಿತು. ಹತ್ತು ವರ್ಷ ಜೊತೆಗೆ ದುಡಿದವರ ಸುಳ್ಳು ನಗು ಯಾವುದು, ಖರೆ ನಗು ಯಾವುದು ಎಂದು ತಿಳಿಯದೇ?

"ಚೆನ್ನಾಗಿತ್ತು. ಇನ್ನೊಂದು ಟೇಕ್!"

ಅವಳು ಎದ್ದಳು. ಕ್ಯಾಮರಾದ ಕಡೆ ಹೋಗಲಿಲ್ಲ. ಬೆಳಿಗ್ಗೆಯಿಂದ ತಾನು ಹಚ್ಚಿದ್ದ ನಡುವಿನ ಪಟ್ಟಿಗೆ ಹೋಗಿ, ಬಗ್ಗಿ, ಮೊದಲ ಸಸಿ ಕಿತ್ತು ಬದುವಿಗೆ ಎಸೆದಳು. ಎರಡನೆಯದು ಕಿತ್ತಳು. ಆಮೇಲೆ ಎರಡೂ ಕೈಯಿಂದ ಕೀಳತೊಡಗಿದಳು.

"ಅಯ್ಯೋ, ಹಿಂದುಗಡೆ ಹಸಿರೇ ಹೋಯ್ತಲ್ರೀ! ನಿಲ್ಸಿ ಅವನನ್ನ!"

"ಹಿಡೀರಲೇ ಆ ಖೋಜಾನ್ನ!" ವಿರುಪಣ್ಣ ಚಪ್ಪಲಿ ಸಮೇತ ಗದ್ದೆಗಿಳಿದು ಬಂದು ಛತ್ರಿಯಿಂದ ಅವಳ ಬೆನ್ನಿಗೆ ಬಾರಿಸಿದ.

"ನಾ ಹಚ್ಚಿದ್ದ ನಾ ಕೀಳ್ತೀನಿ. ನಿಮ್ಮ ಟಿವಿಯಾಗ ಇದನ್ನ ತೋರಸ್ರಿ, ಹಾಟ್ಯಾನ್ ಮಕ್ಕಳ್ರಾ!"

ಮತ್ತೊಂದು ಏಟು ಬಿತ್ತು. ಅವಳು ತಲೆಯೆತ್ತಲಿಲ್ಲ.

"ಏ ದುರುಗೀ, ಹಾಳಾದ ಪಟ್ಟಿ ಹೊತ್ತು ಮುಳುಗೂದ್ರೊಳಗ ತುಂಬಿರಬೇಕು. ಇಲ್ಲಂದ್ರ ನೀವೂ ಹೊಂಡ್ರಿ!"

ದುರುಗವ್ವ ಬದುವಿನ ಮೇಲೆ ಬಿದ್ದಿದ್ದ ಸಸಿಗಳನ್ನು ಉಡಿಯಲ್ಲಿ ಆಯ್ದುಕೊಂಡು ಕೆಸರಿಗಿಳಿದಳು. ಹುಲಗೆಮ್ಮ ಮುಂದೆ ಮುಂದೆ ಕೀಳುತ್ತ ಹೋದಳು. ದುರುಗವ್ವ ಅಳುತ್ತ, ಅವಳ ಹಿಂದೆಯೇ, ಒಂದೊಂದಾಗಿ ಹಚ್ಚುತ್ತ ಬಂದಳು.