ಯಾವ ಪಿಚ್ಚರಿನ ಮಾತು

ಚಳಿ ಆಗತಾನೆ ಶುರುವಾಗಿತ್ತು. ಬೆಳಿಗ್ಗೆ ಏಳೂವರೆ; ಶಾಲೆಯ ವ್ಯಾನು ಬರಲು ಇನ್ನೂ ಹದಿನೈದು ನಿಮಿಷವಿತ್ತು. ತಾಯಿ ನೆಲದ ಮೇಲೆ ಮಂಡಿಯೂರಿ ಮಗಳ ಎಡಗಾಲಿನ ಬೂಟಿನ ಲಾಡಿ ಕಟ್ಟುತ್ತಿದ್ದಳು. ಮಗಳು ಬಗ್ಗಿ ತಾಯಿಯ ಕಿವಿಯ ಹತ್ತಿರಕ್ಕೆ ಬಾಯಿ ತಂದಳು. ಉಸಿರಿನಷ್ಟೇ ಸದ್ದಿನಲ್ಲಿ ಹೇಳಿದಳು: "ಸದ್ದು ಬಂದ್ರೆ ಬೀಗ. ಅಮ್ಮ ಬರಲ್ಲ." ಹೇಳಿದವಳು ನಾಲಿಗೆಯಿಂದ ಟಕ್ ಎನ್ನಿಸಿದಳು. ಆಮೇಲೆ ತುಟಿ ಬಿಗಿದು ಊಂ ಎಂದು ಒಂದೇ ಸಮನೆ ಗುಂಯ್‌ಗುಡತೊಡಗಿದಳು.

ಲಾಡಿ ತಾಯಿಯ ಕೈಯಲ್ಲೇ ನಿಂತಿತು.

"ಗಿಣೀ, ಯಾವ ಪಿಚ್ಚರಿಂದೇ ಅದು?" ಎಂದು ಕೇಳಿದಳು.

ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಗಿಣಿ ಎಂಬುದು ಅಜ್ಜ ಇಟ್ಟ ಹೆಸರು. ಹನ್ನೊಂದು ವರ್ಷವಾಗಿದ್ದರೂ ಹುಡುಗಿಗೆ ಸ್ವಂತ ಮಾತು ಬಂದಿರಲಿಲ್ಲ. ಬಂದದ್ದೆಲ್ಲ ಸಿನಿಮಾದ ಮಾತು. ಬಾಯಾರಿದರೆ, "ಮಹಾಪ್ರಭು, ಸೈನ್ಯ ನೀರಿಲ್ಲದೆ ಬಳಲಿದೆ" ಎನ್ನುತ್ತಿದ್ದಳು, ಹಿಂದೆ ಬಾರಿಸಿದ ನಗಾರಿಯನ್ನೂ ಬಿಡದೆ. ನಿದ್ದೆ ಬಂದರೆ, "ಹಡಗು ದಡ ಸೇರಿತು, ದೀಪ ಆರಿಸಿ" ಎಂಬುದು ಪಿಟೀಲಿನ ಸಮೇತ ಬರುತ್ತಿತ್ತು. ಹೊರಗಿನವರು ನಗುತ್ತಿದ್ದರು. ಮನೆಯವರು ನೀರು ಕೊಡುತ್ತಿದ್ದರು, ದೀಪ ಆರಿಸುತ್ತಿದ್ದರು. ಹೀಗಾಗಿ ಆ ಮನೆಯಲ್ಲಿ ಸಿನಿಮಾ ಆಯುವುದೆಂದರೆ ಮಗಳ ಬಾಯಿಗೆ ಮಾತು ಆಯ್ದು ಕೊಡುವುದೇ ಆಗಿತ್ತು.

ತಾಯಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ತಂದೆಗೆ ಲಿಫ್ಟ್ ರಿಪೇರಿ. ಭಾನುವಾರ ಅಜ್ಜ ಮೊಮ್ಮಗಳನ್ನು ಸುತ್ತಾಡಿಸಲು ಹೊರಟ ಕೂಡಲೇ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಸಿನಿಮಾ ನೋಡಲು ಕೂರುತ್ತಿದ್ದರು. ನೋಡುವುದೆಂದರೆ ಕಳ್ಳನನ್ನು ಕಾಯುವ ಹಾಗೆ. ತಾಯಿಯ ನೋಟ್‌ಬುಕ್ಕಿನಲ್ಲಿ ಎಲ್ಲವೂ ನಿಮಿಷದ ಲೆಕ್ಕದಲ್ಲಿ ಏರುತ್ತಿತ್ತು: ಹನ್ನೆರಡನೇ ನಿಮಿಷ, ಗುಡುಗು, ಸದ್ದು ಇಳಿಸುವುದು. ನಲವತ್ತೊಂದು, ನಾಯಿ ಸಾಯುತ್ತದೆ, ದಾಟಿಸುವುದು. ಐವತ್ತಮೂರು, ಅಪ್ಪ ಮಗನಿಗೆ ದಂಡಪಿಂಡ ಅನ್ನುತ್ತಾನೆ, ಈ ಸಿನಿಮಾ ಬೇಡ. ಅಂಥ ನೋಟ್‌ಬುಕ್ಕು ಮೂರು ತುಂಬಿದ್ದವು. ಅಂದು ವ್ಯಾನು ಹೋದ ಮೇಲೆ ತಾಯಿ ಅಂಗಡಿಗೆ ಹೋಗದೆ ಮೂರನ್ನೂ ಮೊದಲಿಂದ ಕೊನೆವರೆಗೆ ತಿರುವಿದಳು. ನೂರಾ ಹನ್ನೆರಡು ಸಿನಿಮಾಗಳಲ್ಲಿ ಬೀಗದ ಮಾತು ಎಲ್ಲೂ ಇರಲಿಲ್ಲ.

ಹಾಗಾದರೆ ಉಳಿದವರು ಒಬ್ಬರೇ. ಶಾಲೆ ಬಿಟ್ಟ ಮೇಲೆ, ಮೂರೂವರೆಯಿಂದ ಆರರವರೆಗೆ ಗಿಣಿ ಅಜ್ಜನ ಜೊತೆ ಇರುತ್ತಿದ್ದಳು. ಅಜ್ಜ ನಲವತ್ತು ವರ್ಷ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವರು. ಓದು ಮೂರನೇ ಕ್ಲಾಸಿಗೆ ನಿಂತಿತ್ತು; ಆದರೆ ಯಾವ ಸಿನಿಮಾದ ಎಷ್ಟನೇ ರೀಲಿನಲ್ಲಿ ಯಾರು ಏನು ಹೇಳುತ್ತಾರೆ ಎಂದು ಕೇಳಿದರೆ ಈಗಲೂ ತಡವರಿಸದೆ ಹೇಳುತ್ತಿದ್ದರು.

"ಮಾವ, ಬೇಜಾರು ಮಾಡ್ಕೋಬೇಡಿ, ನಿಜ ಹೇಳಿ. ನಿನ್ನೆ ಮಧ್ಯಾಹ್ನ ಅವಳ ಮುಂದೆ ಏನು ಹಾಕಿದ್ರಿ?"

"ಹಡಗಿಂದು ಹಾಕಿದ್ದೆ ಕಣಮ್ಮ. ನೀನು ಬರೆದಿಟ್ಟಿರೋದೇ."

"ಮತ್ತೆ ಈ ಬೀಗದ ಮಾತು ಎಲ್ಲಿಂದ ಬಂತು?"

ಅಜ್ಜ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವಳು ಆ ಮಾತನ್ನು ಮೂರು ಸಲ ಹೇಳುವವರೆಗೂ ಕಣ್ಣು ಮುಚ್ಚಿ ಕೇಳಿದರು. ಕೇಳಿ, "ಇದು ಪಿಚ್ಚರಿಂದಲ್ಲ," ಎಂದರು. "ಹಿಂದೆ ಮ್ಯೂಸಿಕ್ ಇಲ್ಲ ನೋಡು. ಹೆದರಿಸೋ ಸೀನಿಗೆ ಯಾರಾದ್ರೂ ಮ್ಯೂಸಿಕ್ ಹಾಕ್ದೆ ಬಿಡ್ತಾರಾ? ಇದ್ದಿದ್ರೆ ಇವಳು ಅದನ್ನೂ ಹಾಡ್ತಿದ್ಲು."

ಅಷ್ಟರಲ್ಲಿ ಮಗ ಕೆಲಸದಿಂದ ಬಂದಿದ್ದ. ಹೆಗಲಿನ ಚೀಲ ಇನ್ನೂ ಇಳಿಸಿರಲಿಲ್ಲ. "ಅಪ್ಪ, ನಮ್ಮ ಕಿವಿಗೆ ಹೂವಿಡಬೇಡಿ. ಹೊಡೆದಾಟ ನೋಡ್ದೆ ನಿಮಗೆ ಮಧ್ಯಾಹ್ನ ಕಳೆಯಲ್ಲ. ಹಾಕ್ಕೊಂಡು ಕೂತಲ್ಲೇ ಗೊರಕೆ ಹೊಡ್ದಿರ್ತೀರ, ಟಿವಿ ಅದರ ಪಾಡಿಗೆ ಓಡಿರತ್ತೆ."

ಕೂತಲ್ಲಿ ತೂಕಡಿಸುವುದು ನಿಜವಾಗಿತ್ತು. ಅದನ್ನು ಇಲ್ಲವೆನ್ನಲು ಬಾರದೆ ಮುದುಕರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಮತ್ತೆ ಆ ವಿಷಯ ಎತ್ತಲಿಲ್ಲ.

ಮಗ ಟಿವಿಯ ವೈರು ಕಿತ್ತು ಬೀರುವಿನಲ್ಲಿಟ್ಟ. ಮರುದಿನದಿಂದ ಗಿಣಿಯನ್ನು ಸಂಜೆ ಆರರವರೆಗೂ ಶಾಲೆಯಲ್ಲೇ ಬಿಡುವುದೆಂದು ತೀರ್ಮಾನವಾಯಿತು. ಅಲ್ಲಿ ಟಿವಿ ಇರಲಿಲ್ಲ, ಚಿಕ್ಕಮ್ಮ ಇದ್ದಳು. ಗಿಣಿಯೂ ಸೇರಿ ಏಳು ಮಕ್ಕಳಿಗೆ ಮಧ್ಯಾಹ್ನ ಊಟ ಮಾಡಿಸಿ, ಬಟ್ಟೆ ಬದಲಿಸಿ, ಉಳಿದವರನ್ನು ಸಂಜೆವರೆಗೆ ನೋಡಿಕೊಳ್ಳುತ್ತಿದ್ದ ಆಯಾಳನ್ನು ಎಲ್ಲ ತಂದೆತಾಯಿಯರೂ ಕರೆಯುತ್ತಿದ್ದದ್ದು ಹಾಗೆ. ಐವತ್ತರ ಹೆಂಗಸು. ಮಕ್ಕಳ ಬಾಯೊರೆಸಲು ಸೊಂಟದಲ್ಲಿ ಸದಾ ಒಂದು ಬಿಳಿ ವಸ್ತ್ರ ಸಿಕ್ಕಿಸಿಕೊಂಡಿರುತ್ತಿದ್ದಳು, ಅದರ ಪಕ್ಕದಲ್ಲಿ ಬೀಗದ ಕೈಗಳ ಗೊಂಚಲು.

ಆದರೆ ಆ ಮಾತು ನಿಲ್ಲಲಿಲ್ಲ, ಹೆಚ್ಚಾಯಿತು. ಗಿಣಿಗೆ ಊಟ ಸೇರದಾಯಿತು. ನೀರು ಕೇಳುವುದನ್ನೂ ಬಿಟ್ಟಳು. ನಗಾರಿ ಕೇಳದೆ ವಾರವೇ ಆಯಿತು. ಬಚ್ಚಲಿನ ಬಾಗಿಲು ಹಾಕಿದರೆ ಮೈ ಸೆಟೆಸಿಕೊಳ್ಳುತ್ತಿದ್ದಳು. ಯಾವುದೋ ಸಿನಿಮಾ ಮಗಳೊಳಗೆ ಹೊಕ್ಕು ಕೂತಿದೆ, ಅದು ಯಾವುದೆಂದು ಸಿಕ್ಕಿದರೆ ಬಿಡಿಸಬಹುದು ಎಂದು ತಾಯಿ ನಂಬಿದ್ದಳು. ಅಂಗಡಿಯಲ್ಲಿ ಗಾಜು ಉಜ್ಜುತ್ತಾ, ಬಂದವರನ್ನೆಲ್ಲ ಕೇಳಿದಳು: "ಮಗೂನ ಕೂಡಿಹಾಕೋ ಪಿಚ್ಚರ್ ಯಾವುದಾದ್ರೂ ಗೊತ್ತಾ?" ಅವರಿವರು ಹೇಳಿದ ಹನ್ನೊಂದು ಭೂತದ ಸಿನಿಮಾಗಳನ್ನು ಊಟದ ಬಿಡುವಿನಲ್ಲಿ ಫೋನಿನಲ್ಲಿ ನೋಡಿದಳು, ಭಯಕ್ಕೆ ಕಾಲು ಬೆಂಚಿನ ಮೇಲಿಟ್ಟುಕೊಂಡು. ಒಂದರಲ್ಲೂ ಆ ಮಾತು ಸಿಗಲಿಲ್ಲ.

ಶಾಲೆಯಲ್ಲಿ ತಿಂಗಳಿಗೊಂದು ಶನಿವಾರ ಮಕ್ಕಳಿಗೆ ಸಿನಿಮಾ ತೋರಿಸುವ ರೂಢಿಯಿತ್ತು. ಯಾವುದು ಎಂದು ಆರಿಸಲು ತಂದೆತಾಯಿಯರ ಸಭೆ. ನೋಟ್‌ಬುಕ್ಕಿನ ದೆಸೆಯಿಂದ ಗಿಣಿಯ ತಾಯಿಯೇ ಅಲ್ಲಿ ಯಜಮಾನಿ.

"ನಮ್ಮೋನಿಗೆ ಕಥೆಗಿಥೆ ಬೇಕಾಗಿಲ್ಲ," ಎಂದ ಬಸ್ ಡ್ರೈವರ್. "ಒಂದು ಲಾರಿ ಬಂದ್ರೆ ಸಾಕು. ಹೋದ ಸಲ ಇಡೀ ಪಿಚ್ಚರಲ್ಲಿ ಒಂದು ಸೈಕಲ್ಲೂ ಬರಲಿಲ್ಲ. ಅಪ್ಪನ ಮರ್ಯಾದೆ ಹೋಯ್ತು."

"ನಿಮ್ಮ ಲಾರಿ ಹಾರ್ನ್ ಹೊಡೆದ್ರೆ ನಮ್ಮವಳು ಮೇಜಿನ ಕೆಳಗೆ ಸೇರ್ತಾಳೆ," ಎಂದಳು ದರ್ಜಿ ಹೆಂಗಸು. "ಬಾತುಕೋಳಿದೇ ಇರಲಿ."

"ಅದರಲ್ಲಿ ಹದ್ದು ಬರತ್ತೆ," ಎಂದ ಡ್ರೈವರ್.

"ನಾಲ್ಕು ಸೆಕೆಂಡು," ಎಂದಳು ಗಿಣಿಯ ತಾಯಿ ಪುಟ ತಿರುವುತ್ತಾ. "ಇಪ್ಪತ್ತೇಳನೇ ನಿಮಿಷ. ನಾನೇ ರಿಮೋಟ್ ಹಿಡ್ಕೊಂಡು ನಿಂತಿರ್ತೀನಿ. ಹದ್ದು ರೆಕ್ಕೆ ಬಿಚ್ಚೋದ್ರೊಳಗೆ ದಾಟಿಸ್ತೀನಿ."

"ನೀವಿದ್ರೆ ಹದ್ದಿಗೂ ಕೆಲಸ ಇಲ್ಲ ಬಿಡಿ," ಎಂದ ಡ್ರೈವರ್. ಎಲ್ಲರೂ ನಕ್ಕರು.

ಎಲ್ಲರಿಗೂ ಚಹಾ ಕೊಡುತ್ತಿದ್ದ ಚಿಕ್ಕಮ್ಮ ಗಿಣಿಯ ತಾಯಿಯ ಹತ್ತಿರ ಬಂದಾಗ ಬಗ್ಗಿ ಹೇಳಿದಳು: "ಮಗು ಮೊದಲಿನ ಹಾಗಿಲ್ಲ ಕಣಮ್ಮ. ಎಷ್ಟು ಸುಮ್ಮನಿರತ್ತೆ ಈಗ. ಒಂದು ಕಿರುಚಾಟ ಇಲ್ಲ." ತಾಯಿಗೆ ಕಣ್ಣು ತುಂಬಿ ಬಂತು. "ನಿಮ್ಮ ಋಣ ಚಿಕ್ಕಮ್ಮ," ಎಂದಳು.

ಶನಿವಾರ ಹತ್ತು ಗಂಟೆಗೆ ಸಿನಿಮಾ ಶುರುವಾಯಿತು. ಕೆಳಗಿನ ಹಾಲಿನಲ್ಲಿ ಚಾಪೆ ಹಾಸಿ, ಕಿಟಕಿಗಳಿಗೆ ಅರ್ಧ ಮಾತ್ರ ಪರದೆ ಎಳೆದಿದ್ದರು. ಪೂರ್ತಿ ಕತ್ತಲೆ ಆಗಬಾರದೆಂದು ನೋಟ್‌ಬುಕ್ಕಿನಲ್ಲಿತ್ತು. ತಾಯಿ ಸಿನಿಮಾ ಪರದೆಯ ಪಕ್ಕದಲ್ಲಿ ಮಕ್ಕಳ ಕಡೆ ಮುಖ ಮಾಡಿ ನಿಂತಿದ್ದಳು. ಚಿಕ್ಕಮ್ಮ ನೋಡಿಕೊಳ್ಳುವ ಏಳು ಮಕ್ಕಳು ಮುಂದಿನ ಸಾಲು, ಉಳಿದವರು ಹಿಂದೆ. ಬಾತುಕೋಳಿ ಮರಿಗಳು ಒಂದರ ಹಿಂದೊಂದು ಕೊಳಕ್ಕೆ ಇಳಿದವು. ಕೊನೆಯ ಮರಿ ಜಾರಿ ಬಿತ್ತು. ಡ್ರೈವರನ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಗಿಣಿಯೂ ಮೈ ತೂಗುತ್ತಾ ಕೂತಿದ್ದಳು. ತಾಯಿ ರಿಮೋಟಿನ ಮೇಲೆ ಹೆಬ್ಬೆರಳಿಟ್ಟು ಹದ್ದಿಗಾಗಿ ಕಾಯುತ್ತಿದ್ದಳು.

ಆಗ ಮೆಟ್ಟಿಲ ಕೆಳಗಿನಿಂದ ಟಕ್ ಎಂದಿತು. ಹಿಂದೆಯೇ ಊಂ ಎಂದು ಒಂದೇ ಸಮನೆ ಗುಂಯ್‌ಗುಡುವ ಸದ್ದು ಏರಿತು.

ಗಿಣಿಯ ಎರಡು ಕೈಗಳೂ ಬಾಯಿಗೆ ಹೋದವು. ತಾಯಿ ಅದನ್ನು ನೋಡುತ್ತಿದ್ದಂತೆ ಪಕ್ಕದ ಹುಡುಗನ ಕೈಗಳೂ ಹೋದವು. ಅವನ ಪಕ್ಕದವಳದೂ. ನಗುತ್ತಿದ್ದ ಡ್ರೈವರನ ಮಗ ನಗು ಅರ್ಧಕ್ಕೆ ನುಂಗಿ ಬಾಯಿ ಮುಚ್ಚಿಕೊಂಡ. ಮುಂದಿನ ಸಾಲಿನ ಏಳಕ್ಕೆ ಏಳೂ ಮಕ್ಕಳು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದು, ಕಣ್ಣು ಮಿಟುಕಿಸದೆ ಕೂತಿದ್ದರು. ಕಲಿಸಿದ್ದು ಒಂದೂ ತಲೆಗೆ ಹತ್ತುವುದಿಲ್ಲವೆಂದು ವೈದ್ಯರು ಬರೆದುಕೊಟ್ಟಿದ್ದ ಮಕ್ಕಳು. ಹಿಂದಿನ ಸಾಲಿನವರು ಏನೂ ತಿಳಿಯದೆ ಬಾತುಕೋಳಿ ನೋಡುತ್ತಿದ್ದರು. ಪರದೆಯ ಮೇಲೆ ಹದ್ದು ಬಂತು, ರೆಕ್ಕೆ ಬಿಚ್ಚಿತು, ಹೋಯಿತು. ರಿಮೋಟು ಒತ್ತಬೇಕೆಂಬುದು ತಾಯಿಗೆ ಮರೆತೇಹೋಗಿತ್ತು.

"ನೋಡಿದ್ರಾ, ಎಂಥ ಶಿಸ್ತು," ಎಂದಳು ಗೋಡೆಗೊರಗಿ ನಿಂತಿದ್ದ ಚಿಕ್ಕಮ್ಮ.

"ಅದೇನು ಸದ್ದು?" ತಾಯಿ ಬಾಗಿಲಲ್ಲಿ ನಿಂತಿದ್ದ ಹೆಡ್ ಮೇಡಮ್ಮನ್ನು ಕೇಳಿದಳು.

"ನೀರಿನ ಮೋಟಾರು. ಟ್ಯಾಂಕ್ ಖಾಲಿ ಆದ್ರೆ ತಾನೇ ಆನ್ ಆಗತ್ತೆ."

"ಆ ಬಾಗಿಲು ತೆಗೀರಿ."

ಮೆಟ್ಟಿಲ ಕೆಳಗಿನ ಬಾಗಿಲಿಗೆ ಗೋಡೆಯ ಬಣ್ಣವನ್ನೇ ಬಳಿದಿದ್ದರು. ಇಷ್ಟು ವರ್ಷ ಅದು ಯಾವ ತಂದೆತಾಯಿಯ ಕಣ್ಣಿಗೂ ಬಿದ್ದಿರಲಿಲ್ಲ. ಬೀಗದ ಕೈ ಚಿಕ್ಕಮ್ಮನ ಸೊಂಟದಲ್ಲಿತ್ತು. ಅವಳು ತಡಮಾಡಿದಳು. ಮೇಡಂ ಕೈ ಚಾಚಿದರು. ಒಳಗೆ ಮೋಟಾರು, ನೆಲ ಒರೆಸುವ ಬಕೆಟ್ಟು, ಗೋಡೆಗೆ ಮುಖ ಮಾಡಿದ ಒಂದು ಪುಟ್ಟ ಕುರ್ಚಿ. ಕೂತ ಮಗುವಿನ ಹಣೆಯ ಎತ್ತರಕ್ಕೆ ಗೋಡೆಯ ಸುಣ್ಣ ಉಜ್ಜಿ ಉಜ್ಜಿ ಕಪ್ಪಾಗಿತ್ತು.

"ಐದೇ ನಿಮಿಷ ಕೂರಿಸೋದು," ಎಂದಳು ಚಿಕ್ಕಮ್ಮ. ದನಿ ಏರಿರಲಿಲ್ಲ. "ಏಳು ಮಕ್ಕಳು, ನಾನೊಬ್ಬಳು. ಹೊಡೆದಿಲ್ಲ, ಬೈದಿಲ್ಲ. ಕಿವೀಲಿ ಒಂದು ಮಾತು ಹೇಳ್ತಿದ್ದೆ, ಅಷ್ಟೇ. ಇವಕ್ಕೇನು ತಿಳಿಯತ್ತೆ ಅಂದ್ಕೊಂಡೆ."

ಮೇಡಂ ಪೊಲೀಸಿಗೆ ಫೋನು ಮಾಡಿದರು. ತಾಯಿ ಕೈಯಲ್ಲಿದ್ದ ರಿಮೋಟನ್ನು ಎಲ್ಲಿಡಬೇಕೆಂದು ತೋಚದೆ ನಿಂತಿದ್ದಳು. ಹನ್ನೆರಡಕ್ಕೆ ಮುಂಚೆ ಪೊಲೀಸಿನವರು ಬಂದರು.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಗಂಡ ತನ್ನ ಅಂಗೈ ನೋಡಿಕೊಂಡ. "ಟಕ್ ಅನ್ನೋದು ಸ್ವಿಚ್ಚು," ಎಂದ. "ಊಂ ಅನ್ನೋದು ಮೋಟಾರು. ದಿನಾ ಅದರ ಪಕ್ಕದಲ್ಲೇ ನಿಂತು ಕೆಲಸ ಮಾಡ್ತೀನಿ. ಮಗಳ ಬಾಯಲ್ಲಿ ಬಂದಾಗ ಗೊತ್ತಾಗಲಿಲ್ವಲ್ಲ ನಂಗೆ."

ಆಮೇಲೆ ತಂದೆಯ ಮುಂದೆ ಹೋಗಿ ನಿಂತ. "ಅಪ್ಪ, ತಪ್ಪಾಯ್ತು."

ಅಜ್ಜ ಕೇಳಿದ್ದು ಒಂದೇ. "ಆರು ಗಂಟೆವರೆಗೆ ಎಷ್ಟು ದಿನ ಬಿಟ್ರಿ?"

"ಇಪ್ಪತ್ತಮೂರು ದಿನ."

ಮುದುಕರು ಕಣ್ಣು ಮುಚ್ಚಿಕೊಂಡರು. "ನಂಗೆ ಗೊತ್ತಿತ್ತು ಕಣೋ, ಇದು ಪಿಚ್ಚರಿಂದಲ್ಲ ಅಂತ. ನೀನೊಂದು ಮಾತಂದೆ ಅಂತ ಮುಖ ತಿರುಗಿಸ್ಕೊಂಡು ಕೂತೆ. ಎದ್ದು ಹೋಗಿ ಒಂದ್ಸಲ ಆ ಶಾಲೆ ನೋಡ್ಕೊಂಡು ಬರಬಹುದಿತ್ತು. ನಡೆಯೋಕೇನು, ಅರ್ಧ ಗಂಟೆ ದಾರಿ. ಹೋಗಲಿಲ್ಲ."

"ನೀವ್ಯಾಕೆ ಮಾವ," ಎಂದು ಸೊಸೆ ಅವರ ಮುಂದೆ ನೀರಿನ ಲೋಟ ಇಟ್ಟಳು.

ಗಿಣಿಯ ಬಾಯಿಂದ ಆ ಮಾತು ಹೋಗಲಿಲ್ಲ. ಒಂದು ಸಲ ಹೊಕ್ಕದ್ದು ಅವಳೊಳಗಿಂದ ಎಂದೂ ಹೋದದ್ದಿಲ್ಲ. ಭಾನುವಾರ ಎಷ್ಟೋ ಸಲ, ಸೋಮವಾರ ಇನ್ನಷ್ಟು ಸಲ, ಹತ್ತಿರ ಬಂದವರ ಕಿವಿಗೆಲ್ಲ ಬಗ್ಗಿ ಹೇಳಿದಳು: ಸದ್ದು ಬಂದ್ರೆ ಬೀಗ, ಅಮ್ಮ ಬರಲ್ಲ. ತಾಯಿ ಕೆಲಸ ಬಿಟ್ಟು ಮನೆಯಲ್ಲೇ ಉಳಿದಳು. ಹೇಳಿದಾಗಲೆಲ್ಲ ಕೊನೆವರೆಗೂ ಕೇಳಿ, "ಬಂದಿದ್ದೀನಲ್ಲೇ," ಎನ್ನುತ್ತಿದ್ದಳು. ಅಜ್ಜನ ಕಿವಿಗೆ ಹೇಳಿದಾಗ ಅವರು ಅರ್ಧಕ್ಕೇ ಎದ್ದು ಒಳಗೆ ಹೋಗುತ್ತಿದ್ದರು.

"ಸ್ವಲ್ಪ ದಿನ ಮಗಳ ಮನೇಲಿರ್ತೀನಿ," ಎಂದರು ಅಜ್ಜ ಸೋಮವಾರ ಸಂಜೆ. "ಸಿಟ್ಟಿಲ್ಲ ಕಣಮ್ಮ. ನಿನಗೆ ಕೇಳೋ ಶಕ್ತಿ ಇದೆ. ನನ್ನ ಕೈಲಿ ಆಗ್ತಿಲ್ಲ."

ಯಾರೂ ತಡೆಯಲಿಲ್ಲ. ತಡೆಯಲು ಯಾರಿಗೂ ಮುಖವಿರಲಿಲ್ಲ.

ಬೆಳಿಗ್ಗೆ ಮಗ ಅವರ ಪೆಟ್ಟಿಗೆ ಹಿಡಿದು ಎದುರಿನ ಬಸ್ ಸ್ಟಾಪಿನವರೆಗೆ ಹೋದ. ಚಳಿ ಪೂರ್ತಿ ಕೂತಿತ್ತು. ಬೀದಿಯಲ್ಲಿ ಜನ ಮಫ್ಲರಿನಲ್ಲಿ ಕಿವಿ ಮುಚ್ಚಿಕೊಂಡು ನಡೆಯುತ್ತಿದ್ದರು. ಗಿಣಿ ಮಹಡಿಯ ಕಿಟಕಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ಅವಳ ಕೈಗಳೆರಡೂ ಸರಳಿನ ಮೇಲಿದ್ದವು, ಬಾಯಿ ತೆರೆದಿತ್ತು. ಉಸಿರಿಗೆ ಗಾಜಿನ ಮೇಲೆ ಬಿಳಿಯ ಮಬ್ಬು ಕೂತು, ಕರಗಿ, ಮತ್ತೆ ಕೂರುತ್ತಿತ್ತು. ಬಸ್ಸು ಬಂದು ನಿಂತು ಹೋಯಿತು. ಸ್ಟಾಪಿನಲ್ಲಿ ಮಗನೊಬ್ಬನೇ ಉಳಿದಿದ್ದ.