ಹತ್ತು ನಿಮಿಷದ ಪಾಠ

"ಅಲ್ಲ ಕಣೆ, ಪಾಠ ಯಾವಾಗ ಶುರು ಮಾಡ್ತೀಯ?" ಎಂದು ಕಾನಿ ಮೆಲ್ಲಗೆ ಕೇಳಿದಳು.

ಐವತ್ತು ನಿಮಿಷದಿಂದ ಅವಳು ಮಕ್ಕಳ ಪುಟ್ಟ ಕುರ್ಚಿಯಲ್ಲಿ, ಮಂಡಿ ಗದ್ದಕ್ಕೆ ತಾಗುವ ಹಾಗೆ ಕೂತಿದ್ದಳು. ಆರ್ಡಿಸ್‌ಗೆ ಮೊದಲು ನಗು ಬಂತು. ಕಾನಿಯ ತೊಡೆಯ ಮೇಲಿದ್ದ ಹಾಳೆ ಇನ್ನೂ ಖಾಲಿ ಇದ್ದದ್ದು ಕಂಡಾಗ ಆ ನಗು ಅಲ್ಲೇ ಇಂಗಿತು.

ಮಕ್ಕಳು ತಾವೇ ಕೆಲಸ ಆರಿಸಿಕೊಂಡು ಕಲಿಯುವ ಈ ಮಾಂಟೆಸೊರಿ ಕೋಣೆಗೆ ಬಂದವರು ತುಟಿ ಬಿಚ್ಚದೆ ಕೂತು ನೋಡಬೇಕು. ಟೀಚರ್ ಆದ ಆರ್ಡಿಸ್ ಕೂಡ ಮಕ್ಕಳು ಕರೆದರೆ ಮಾತ್ರ ಏಳುವುದು. ಒಬ್ಬಳು ಸೋಪಿನ ನೊರೆ ಮಾಡಿ ಮೇಜು ತೊಳೆಯುತ್ತಿದ್ದಳು, ಒಬ್ಬ ಸೇಬು ಹೆಚ್ಚುತ್ತಿದ್ದ, ಮೂವರು ನೆಲದ ಮೇಲೆ ಮಣಿಸರ ಹಾಸಿಕೊಂಡು ಎಣಿಸುತ್ತಿದ್ದರು. ಇಪ್ಪತ್ತೆರಡು ಮಕ್ಕಳಲ್ಲಿ ಒಂದೂ ತಲೆಯೆತ್ತಿರಲಿಲ್ಲ. ಆರ್ಡಿಸ್ ಒಳಗೊಳಗೇ ಉಬ್ಬಿಹೋಗಿದ್ದಳು. ಕಾನಿಗೂ ಇದು ಕಾಣಿಸುತ್ತಿದೆ ಎಂದೇ ನಂಬಿದ್ದಳು. ಕಾನಿಯೋ, ಬಸ್ಸಿಗೆ ಕಾಯುವವಳ ಹಾಗೆ ಕಾಯುತ್ತಿದ್ದಳು.

ಇಬ್ಬರೂ ಸ್ಪ್ರೂಸ್ ಬೆಂಡ್ ಊರಿನ ದೊಡ್ಡ ಶಾಲೆಯಲ್ಲಿ ಹನ್ನೊಂದು ವರ್ಷ ಒಂದೇ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚಿದವರು. ಮೂರು ವರ್ಷದ ಹಿಂದೆ ಆರ್ಡಿಸ್ ಅದನ್ನು ಬಿಟ್ಟು, ಅದೇ ಊರಿನ ಹಳೆಯ ಚಪ್ಪಲಿ ಅಂಗಡಿಯಲ್ಲಿ ತೆರೆದ ಈ ಚಾರ್ಟರ್ ಶಾಲೆಗೆ ಬಂದಳು. ಇದೂ ಫೀಸಿಲ್ಲದ ಸರ್ಕಾರಿ ಶಾಲೆಯೇ, ಕಲಿಸುವ ರೀತಿ ಮಾತ್ರ ತನ್ನದು. ಪರವಾನಗಿ ಕೊಡುವುದೂ ಕಿತ್ತುಕೊಳ್ಳುವುದೂ ಶಾಲಾ ಜಿಲ್ಲೆಯ ಮಂಡಳಿ. ದೊಡ್ಡ ಶಾಲೆಯಿಂದ ನಲವತ್ತು ಮಕ್ಕಳು ಇಲ್ಲಿಗೆ ಬಂದ ವರ್ಷ, ಮಕ್ಕಳು ಕಮ್ಮಿಯಾದರೆಂದು ಅಲ್ಲಿ ಪ್ಯಾಮ್ ಎಂಬ ಟೀಚರಳ ಕೆಲಸ ಹೋಯಿತು. ಆಮೇಲೆ ದಿನಸಿ ಅಂಗಡಿಯಲ್ಲಿ ಆರ್ಡಿಸ್‌ಳನ್ನು ಕಂಡ ಹಳೆಯ ಟೀಚರುಗಳ ತಳ್ಳುಗಾಡಿಗಳು ಬೇರೆ ಸಾಲಿಗೆ ಹೊರಳತೊಡಗಿದವು. ಈಗ ಕಾನಿ ಬಂದದ್ದೂ ಸ್ನೇಹಕ್ಕಲ್ಲ, ಪರವಾನಗಿ ಮುಂದುವರಿಸಬಹುದೇ ಎಂದು ನೋಡಿ ಬರಲು ಮಂಡಳಿ ಕಳಿಸಿದ್ದಕ್ಕೆ.

"ಪಾಠ ಶುರುವಾಗಿ ಒಂದು ಗಂಟೆ ಆಯ್ತು ಕಾನಿ. ಇದೇ ಪಾಠ."

"ಇರಬಹುದು ಮಾರಾಯ್ತಿ. ನನ್ನ ಹಾಳೇಲಿ ಅದಕ್ಕೆ ಜಾಗ ಇಲ್ವಲ್ಲ. ಟೀಚರ್ ಎದುರಿಗೆ ನಿಂತು ಎಷ್ಟು ನಿಮಿಷ ಹೇಳಿಕೊಟ್ಳು ಅಂತ ಕೇಳಿದ್ದಾರೆ. ಸೊನ್ನೆ ಬರೀಲಾ? ಮಂಗಳವಾರ ಮತ ಹಾಕೋವಾಗ ಮಂಡಳಿಯವರು ಓದೋದು ಅದೊಂದನ್ನೇ." ಕಾನಿ ದನಿ ತಗ್ಗಿಸಿದಳು. "ಹತ್ತೇ ನಿಮಿಷ ನಿಂತ್ಕೊಂಡು ಏನಾದ್ರೂ ಹೇಳೆ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಆರ್ಡಿಸ್ ಮಕ್ಕಳನ್ನು ನೋಡಿದಳು. ಮಣಿ ಎಣಿಸುವವರ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಕೆಲಸದ ಹೊತ್ತಿನಲ್ಲಿ ಎಂದೂ ಬಾರಿಸದ ಗಂಟೆಯನ್ನು ಕಪಾಟಿನಿಂದ ತೆಗೆದು ಬಾರಿಸಿದಳು.

ಮಕ್ಕಳು ಬೆಚ್ಚಿ ತಿರುಗಿದವು. ಎಲ್ಲರೂ ಸಾಲಾಗಿ ಕೂರಬೇಕು, ಮಾತಾಡುವುದಿದ್ದರೆ ಕೈ ಎತ್ತಬೇಕು ಎಂದಳು. ಮೇಜು ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದಳು. ಆರ್ಡಿಸ್ ಎದುರಿಗೆ ನಿಂತು ಮೇಪಲ್ ಎಲೆ ಶರತ್ಕಾಲದಲ್ಲಿ ಯಾಕೆ ಕೆಂಪಾಗುತ್ತದೆಂದು ವಿವರಿಸಿದಳು, ಪ್ರಶ್ನೆ ಕೇಳಿದಳು, ಉತ್ತರ ಹೇಳಿದವರನ್ನು ಹೊಗಳಿದಳು. ಮಾತು ತಡವರಿಸಲೇ ಇಲ್ಲ. ಹಳೆಯ ಅಭ್ಯಾಸ ಎಲ್ಲಿ ಹೋಗುತ್ತದೆ. ಕಾನಿಯ ಪೆನ್ನು ಓಡುತ್ತಲೇ ಇತ್ತು.

ಹೊರಟವಳನ್ನು ಆರ್ಡಿಸ್ ಬೀದಿಬಾಗಿಲ ತನಕ ಬಿಡಲು ಹೋದಳು.

"ಎಷ್ಟು ಚೆನ್ನಾಗಿ ಹೇಳ್ದೆ. ನೀನು ನಮ್ಮಲ್ಲಿದ್ದಾಗ ಹಿಂಗೇ ಇದ್ದೆ ನೋಡು," ಎಂದಳು ಕಾನಿ. ಅವಳ ಕಣ್ಣು ತುಂಬಿತ್ತು. "ಭಯ ಬೇಡ, ಇನ್ನೈದು ವರ್ಷಕ್ಕೆ ಪರವಾನಗಿ ಸಿಗತ್ತೆ."

ಶುಕ್ರವಾರದ ಮೀನಿನೂಟಕ್ಕೆ ಈಗಲೂ ಆ ಶಾಲೆಯ ಟೀಚರುಗಳೆಲ್ಲ ಸೇರುತ್ತೀರಾ ಎಂದು ಆರ್ಡಿಸ್ ಕೇಳಿದಳು.

ಕಾನಿ ಕೋಟಿನ ಗುಂಡಿ ಹಾಕಿಕೊಂಡಳು. "ಸೇರ್ತೀವಿ. ಬಾ ಅನ್ನೋಕೆ ನಂಗೇನೂ ಅಡ್ಡಿ ಇಲ್ಲ ಕಣೆ. ಪ್ಯಾಮ್ ಇರ್ತಾಳಲ್ಲ."

"ಹೌದು, ಅವಳಿರ್ತಾಳೆ," ಎಂದಳು ಆರ್ಡಿಸ್.

ಕಾರು ತಿರುವು ದಾಟಿದ ಮೇಲೆ ಒಳಗೆ ಬಂದಳು. ಯಾರೂ ತಮ್ಮ ತಮ್ಮ ಕೆಲಸಕ್ಕೆ ಮರಳಿರಲಿಲ್ಲ. ಇಪ್ಪತ್ತೆರಡು ಮಕ್ಕಳೂ ಕೂರಿಸಿದ ಸಾಲಿನಲ್ಲೇ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮುಂದೇನು ಹೇಳುತ್ತಾಳೋ ಎಂದು ಅವಳ ಮುಖವನ್ನೇ ನೋಡುತ್ತಿದ್ದವು. ಆರ್ಡಿಸ್ ಹೋಗಿ ಸಾಲಿನ ತುದಿಯಲ್ಲಿ, ನೆಲದ ಮೇಲೆ ಕೂತಳು. ಒಂದು ಮಗು ಸರಿದು ಜಾಗ ಕೊಟ್ಟಿತು.